ದಪ್ಪ ತಂತಿಯ ಸದ್ದು

ಸದ್ದು ನಿಜವಾಗಿಯೂ ಇದೆಯೋ, ಇಲ್ಲ ತನ್ನನ್ನು ಆರ್ಕೆಸ್ಟ್ರಾದಿಂದ ಆಚೆ ಹಾಕುವುದಕ್ಕೆ ಜೊತೆಯವರೆಲ್ಲ ಸೇರಿ ಹುಟ್ಟಿಸಿದ್ದೋ ಎನ್ನುವುದು ಚಲುವರಾಜುವಿಗೆ ಒಂದು ವಾರದಿಂದ ಬಗೆಹರಿದಿರಲಿಲ್ಲ. ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆದು, ಕ್ಯಾನುಗಳನ್ನು ಲಾರಿಗೆ ಹತ್ತಿಸಿ, ಕಿಕ್ಕೇರಿಯಲ್ಲಿ ಬಸ್ಸು ಹಿಡಿದಾಗಿನಿಂದಲೂ ಅದೇ ಯೋಚನೆ. ಹಳೆಯ ಜಮಖಾನದಲ್ಲಿ ಸುತ್ತಿ ಎಮ್ಮೆ ಕಟ್ಟುವ ಹಗ್ಗದಿಂದ ಎರಡು ಕಡೆ ಬಿಗಿದಿದ್ದ ಬೇಸ್ ಗಿಟಾರನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದ. ರಸ್ತೆಯ ಹಳ್ಳ ಬಂದಾಗಲೆಲ್ಲ ಅದರ ತಲೆ ಅವನ ಗಲ್ಲಕ್ಕೆ ಕುಟ್ಟುತ್ತಿತ್ತು. ಕೆ.ಆರ್.ಪೇಟೆ ದಾಟಿದ ಮೇಲೆ ಕಂಡಕ್ಟರು ಬಂದು ಏನೋ ಕೇಳಿದ. 'ಶ್ರೀರಂಗಪಟ್ಣ' ಎಂದ. ಕಂಡಕ್ಟರು ಮತ್ತೆ ಕೇಳಿದ. 'ಒಬ್ನೇ' ಎಂದ. ಮುಂದಿನ ಸೀಟಿನವರು ಹಿಂತಿರುಗಿ ನಕ್ಕರು. ಪಕ್ಕದಲ್ಲಿ ಕೂತಿದ್ದ ಮುದುಕ ಅವನ ತೊಡೆ ತಟ್ಟಿ, 'ಆ ಗಂಟ್ನಲ್ಲಿ ಏನದೆ ಅಂತ ಕೇಳ್ತಾವ್ರೆ ಕಣಪ್ಪ, ಲಗೇಜು ಆಕ್ಬೇಕಂತೆ' ಎಂದ. ಹಾಳು ಬಸ್ಸು, ಕಿಟಕಿ ಗಾಜೆಲ್ಲ ಸಡಿಲ, ಇಂಥದ್ದರಲ್ಲಿ ಯಾರಿಗೆ ತಾನೇ ಏನು ಕೇಳಿಸೀತು ಎಂದು ಚಲುವರಾಜು ತನಗೆ ತಾನೇ ಹೇಳಿಕೊಂಡ. ಮುದುಕನಿಗೆ ಹೇಗೆ ಕೇಳಿಸಿತು ಎಂಬ ಪ್ರಶ್ನೆ ಅದರ ಹಿಂದೆಯೇ ಬಂತು. ಅದನ್ನು ಅಲ್ಲಿಗೇ ಬಿಟ್ಟು ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತ.

ಹೋದ ಭಾನುವಾರ ನಾಗಮಂಗಲದ ಕಾರ್ಯಕ್ರಮ ಮುಗಿದು ವೈರುಗಳನ್ನು ಸುತ್ತುತ್ತಿದ್ದಾಗ ರವೀಂದ್ರ ಅವನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತಿದ್ದ. ಪಾಂಡವಪುರದ ರವೀಂದ್ರನೇ ಆರ್ಕೆಸ್ಟ್ರಾ ಕಟ್ಟಿದವನು, ಹಾಡುವವನೂ ಅವನೇ. ಚಲುವರಾಜುವಿಗಿಂತ ಆರು ವರ್ಷ ಚಿಕ್ಕವನು. 'ಚಲುವಣ್ಣ, ನಿನ್ ದಪ್ಪ ತಂತಿ ಝರ್ ಅಂತದೆ ಕಣೋ. ಮೂರ್ನೆ ಮನೇಲಿ ಒತ್ತಿದ್ರೆ ಸಾಕು, ತಗಡು ಬಡ್ದಂಗೆ. ಮೈಕ್ನಲ್ಲಿ ನಂಗೇ ನಾಚ್ಕೆ ಆಯ್ತದೆ' ಎಂದ. ಸ್ಪೀಕರು ಹರಿದಿರಬೇಕು ಎಂದು ಚಲುವರಾಜು ಹೇಳಿದ. ಸ್ಪೀಕರು ಬದಲಾಯಿಸಿ ಎರಡು ಕಾರ್ಯಕ್ರಮ ಆಗಿದೆ ಎಂದು ರವೀಂದ್ರ ನೆನಪಿಸಿದ. ಆಚೆ ಕೀಬೋರ್ಡಿನ ಅಭಯ್ ಏನೂ ಕೇಳಿಸದವನಂತೆ ಬಟ್ಟೆಯಿಂದ ತನ್ನ ಕೀಗಳನ್ನು ಒರೆಸುತ್ತಿದ್ದ. ಆ ಹುಡುಗ ಬಂದು ಎಂಟು ತಿಂಗಳಾಗಿತ್ತಷ್ಟೆ. ಅವನ ಪೆಟ್ಟಿಗೆಯಲ್ಲಿ ಕೊಳಲೂ ಇತ್ತು, ಪಿಟೀಲೂ ಇತ್ತು, ತಬಲವೂ ಇತ್ತು, ಎಡಗೈಯನ್ನು ಸುಮ್ಮನೆ ಹಾಗೆ ಇಟ್ಟರೆ ಬೇಸ್ ಗಿಟಾರೂ ಇತ್ತು. 'ಮುಂದಿನ್ ಭಾನ್ವಾರ ನಮ್ಮೂರ್ನಲ್ಲೇ ಆರತಕ್ಷತೆ. ನಮ್ ಜನವೇ ಬಂದಿರ್ತಾರೆ. ಅಷ್ಟ್ರೊಳಗೆ ಸರಿ ಮಾಡುಸ್ಕಂಡ್ ಬಂದ್ಬುಡಣ್ಣ. ಆಗ್ನಿಲ್ಲ ಅಂದ್ರೆ ಅಭಯ್ ಎಡಗೈಲೇ ತೂಗಿಸ್ಬುಡ್ತಾನೆ, ನೀನು ಆರಾಮ್ವಾಗಿ ಮನೇಲಿರು.' ಬೈದು ಹೇಳಿದ್ದರೆ ಚಲುವರಾಜು ತಿರುಗಿ ಬೈಯುತ್ತಿದ್ದ. ಹದಿನೆಂಟು ವರ್ಷದ ಜೊತೆಗಾರ ಹಾಗೆ ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ಅವನಿಗೆ ತಡೆಯಲಾಗಲಿಲ್ಲ. ಗಿಟಾರನ್ನು ಮನೆಗೆ ತಂದು, ಬಾಗಿಲು ಹಾಕಿಕೊಂಡು, ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳ ನಡುವಿನ ಮೂರನೇ ಮನೆಯಲ್ಲಿ ಒತ್ತಿ ನೂರು ಸಲ ಮೀಟಿದ. ಗುಂ ಎನ್ನುವ ನಾದ ಎದೆಯ ಗೂಡಿನೊಳಗೆ ಬಂದು ಕೂರುತ್ತಿತ್ತು, ಮೊದಲಿನಂತೆಯೇ, ತುಂಬಿಕೊಂಡು. ಝರ್ ಎಲ್ಲಿದೆ? ತಗಡು ಎಲ್ಲಿದೆ? ಸುಳ್ಳು ಬಡ್ಡಿಮಕ್ಕಳು ಎಂದುಕೊಂಡ. ಹಾಗೆಂದುಕೊಂಡಾಗ ಸಿಕ್ಕ ಸಮಾಧಾನ ಅರ್ಧ ಗಂಟೆಯೂ ಉಳಿಯಲಿಲ್ಲ.

ಏಕೆಂದರೆ ಬೇರೆ ಕೆಲವು ಸಂಗತಿಗಳೂ ಇದ್ದವು. ಮನೆಯ ಹಿಂದಿನ ಹೊಂಗೆಮರದಲ್ಲಿ ಈಚೆಗೆ ಹಕ್ಕಿಗಳೇ ಇಲ್ಲವಲ್ಲ, ಎಲ್ಲಿ ಹೋದವು ಎಂದು ಬೇಸಿಗೆಯಲ್ಲಿ ಒಂದು ದಿನ ಹೆಂಡತಿಯನ್ನು ಕೇಳಿದ್ದ. ಮಾಯಮ್ಮ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದುಕೊಂಡು ಮರದ ಕಡೆ ನೋಡಿ, ಆಮೇಲೆ ಅವನ ಮುಖವನ್ನೇ ನೋಡಿದಳು. ಅವಳ ಆ ನೋಟವನ್ನು ಅವನು ಎಷ್ಟೋ ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ. ಡೈರಿಯಲ್ಲಿ ಹೆಂಗಸರು ಹಾಲು ಸುರಿಯುತ್ತ ಏನಾದರೂ ಹೇಳಿದರೆ ಅವನಿಗೆ ದನಿ ತಲುಪುತ್ತಿತ್ತು, ಮಾತು ತಲುಪುತ್ತಿರಲಿಲ್ಲ. ಗಂಡಸರ ಮಾತು ಪರವಾಗಿಲ್ಲ. ಮಕ್ಕಳದ್ದಂತೂ ಪೂರ್ತಿ ಗಾಳಿ. ಮಂಗಳವಾರ ಬೆಳಿಗ್ಗೆ ಅವನು ಗಿಟಾರು ಮೀಟುತ್ತಿದ್ದಾಗ ಅರ್ಪಿತ ಶಾಲೆಯ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು, 'ಅಪ್ಪ, ಝರ್ ಅಂತದಲ್ಲ, ನಿಂಗೆ ಕೇಳಕ್ಕಿಲ್ವಾ?' ಎಂದಳು. ಹನ್ನೊಂದು ವರ್ಷದ ಹುಡುಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳ ತುಟಿಯ ಮೇಲೇ ಆ ಮಾತನ್ನು ಓದಿಕೊಂಡ ಚಲುವರಾಜುವಿನ ಕೈ ಅವನನ್ನು ಕೇಳದೆಯೇ ಎದ್ದಿತ್ತು. ಕೆನ್ನೆಯ ಮೇಲೆ ನಾಲ್ಕು ಬೆರಳೂ ಮೂಡಿದವು. ಅವಳು ಅತ್ತಳೋ ಇಲ್ಲವೋ, ಬಾಯಿ ತೆರೆದದ್ದು ಕಂಡಿತು. ಆಮೇಲೆ ಅವಳು ಅಪ್ಪನ ಮುಂದೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಮನೆ ಮೊದಲೇ ನಿಶ್ಶಬ್ದವಾಗಿತ್ತು, ಈಗ ಅದು ಇನ್ನಷ್ಟು ಆಯಿತು. ತಾನು ಹೊಡೆದದ್ದು ಅವಳ ಅಧಿಕಪ್ರಸಂಗಕ್ಕಲ್ಲ, ಅವಳು ಸರಿಯಾಗಿ ಹೇಳಿದ್ದಕ್ಕೆ ಎಂಬುದು ಅವನಿಗೆ ಆ ಕ್ಷಣದಲ್ಲೇ ಗೊತ್ತಿತ್ತು. ಅಸಹ್ಯವಾಗಿತ್ತು. ಆದರೂ ಅವಳನ್ನು ಕರೆದು ತಲೆ ಸವರಲಿಲ್ಲ. ಸವರಿದ್ದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಇಳಿದಾಗ ಹನ್ನೊಂದು ಗಂಟೆ. ಕೋಟೆಯೊಳಗೆ ದೇವಸ್ಥಾನದ ಹಿಂದಿನ ಬೀದಿಯಲ್ಲಿ ವೀಣೆ ನಂಜುಂಡಯ್ಯನವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅವರ ಅಪ್ಪನ ಕಾಲದಿಂದ ಸುತ್ತಮುತ್ತಲ ತಾಲ್ಲೂಕುಗಳ ವೀಣೆ, ತಂಬೂರಿ, ಪಿಟೀಲುಗಳೆಲ್ಲ ಕಾಯಿಲೆ ಬಿದ್ದಾಗ ಬರುತ್ತಿದ್ದದ್ದು ಆ ಜಗಲಿಗೇ. ಈಗ ಬರುವುದು ಕಡಿಮೆ. ಎಪ್ಪತ್ತರ ಹತ್ತಿರದ ನಂಜುಂಡಯ್ಯನವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿಕೊಂಡು ಕೂತಿದ್ದರು. ಪಕ್ಕದ ಕೋಣೆಯ ಬಾಗಿಲಲ್ಲಿ ಅವರ ಸೊಸೆ ಕೌಸಲ್ಯ ಮುಂದೆ ಮೊರ ಇಟ್ಟುಕೊಂಡು ದೇವಸ್ಥಾನಕ್ಕೆ ಹೂ ಕಟ್ಟುತ್ತಿದ್ದಳು. ಜಮಖಾನ ಬಿಚ್ಚಿದಾಗ ಮುದುಕರ ಮುಖದಲ್ಲಿ ನಗು ಬಂತು. 'ಇದ್ಯಾವ ಪ್ರಾಣಿ ತಂದ್ರಿ? ನಾಲ್ಕೇ ತಂತಿ. ಆದರೆ ಒಂದೊಂದೂ ಹಗ್ಗ ಇದ್ದ ಹಾಗಿದೆ!' ಎಂದರು. ಚಲುವರಾಜು ತೊಂದರೆ ಹೇಳಿದ. ರವೀಂದ್ರ ಹೇಳಿದ್ದ ಮಾತುಗಳನ್ನೇ, ತಾನು ಕಿವಿಯಾರೆ ಕೇಳಿದವನ ಹಾಗೆ ಹೇಳಿದ. 'ಮೂರ್ನೆ ಮನೇಲಿ ಝರ್ ಅಂತದೆ ಸ್ವಾಮಿ. ತಗಡು ಬಡ್ದಂಗೆ.'

'ವಿಚಿತ್ರ ನೋಡಿ,' ಎನ್ನುತ್ತ ನಂಜುಂಡಯ್ಯನವರು ಗಿಟಾರನ್ನು ತೊಡೆಯ ಮೇಲೆ ವೀಣೆಯ ಹಾಗೆ ಅಡ್ಡ ಮಲಗಿಸಿಕೊಂಡರು. 'ನಮ್ಮಪ್ಪ ತಂಬೂರಿಯಲ್ಲಿ ತಂತಿ ಕೂರೋ ಕುದುರೆ ಮೇಲೆ ಒಂದೊಂದು ಎಳೆ ದಾರ ಇಟ್ಟು, ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ಇದೇ ಝೇಂಕಾರ ಬರಲಿ ಅಂತ ದಿನಗಟ್ಟಲೆ ಒದ್ದಾಡೋರು. ಅದು ಬರದೆ ಇದ್ದರೆ ತಂಬೂರಿ ಸತ್ತುಹೋಯ್ತು ಅನ್ನೋರು. ನೀವು ಅದನ್ನೇ ತೆಗೀರಿ ಅಂತ ಬಂದಿದೀರಿ.' ಆಮೇಲೆ ಒಂದು ಉಕ್ಕಿನ ಪಟ್ಟಿಯನ್ನು ಗಿಟಾರಿನ ಕತ್ತಿನ ಉದ್ದಕ್ಕೆ, ಮೂರು ಮೆಟ್ಟಿಲುಗಳ ಮೇಲೆ ಕೂರುವ ಹಾಗೆ ಇಟ್ಟು ಬೆರಳಿಂದ ತಟ್ಟುತ್ತ ಹೋದರು. ಎರಡು ಮೂರು ಕಡೆ ಪಟ್ಟಿ ಅಲ್ಲಾಡದೆ ಕೂತಿತು. ಒಂದು ಕಡೆ ತೊಟ್ಟಿಲಿನ ಹಾಗೆ ತೂಗಿತು. 'ಇಲ್ಲಿ ಬನ್ನಿ, ನೋಡಿ. ನಾಲ್ಕನೇ ಮೆಟ್ಟಿಲು ಎದ್ದಿದೆ. ನೀವು ಮೂರನೆಯದರಲ್ಲಿ ಒತ್ತಿದಾಗ ತಂತಿ ಆಡ್ತಾ ಆಡ್ತಾ ಇದರ ತಲೆಗೆ ತಾಗತ್ತೆ. ಅಷ್ಟೇ ಕಾಯಿಲೆ. ವೀಣೆಯಾಗಿದ್ದರೆ ಮೇಣ ಕರಗಿಸಿ ಮೆಟ್ಟಿಲನ್ನೇ ತಗ್ಗಿಸಿ ಕೂರಿಸಬಹುದಿತ್ತು. ಇದನ್ನ ಮರಕ್ಕೆ ಹೊಡೆದುಬಿಟ್ಟಿದಾರೆ. ಅರದಲ್ಲಿ ಉಜ್ಜಬೇಕು. ಉಜ್ಜಿದ್ದು ಮತ್ತೆ ಬರಲ್ಲ.'

ಚಲುವರಾಜು ಬಗ್ಗಿ ನೋಡಿದ. ಪಟ್ಟಿ ತೂಗುತ್ತಿತ್ತು. ಕಣ್ಣಿಗೆ ಕಾಣುವ ಹಾಗೆ, ಯಾರೂ ಅಲ್ಲಗಳೆಯದ ಹಾಗೆ ತೂಗುತ್ತಿತ್ತು. ಮೊದಲು ಅವನಿಗೆ ನಿರಾಳವೆನಿಸಿತು, ಕಾಯಿಲೆ ಸಿಕ್ಕಿತಲ್ಲ ಎಂದು. ಆ ನಿರಾಳದ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಸದ್ದು ಇತ್ತು. ರವೀಂದ್ರ ಸುಳ್ಳು ಹೇಳಿರಲಿಲ್ಲ, ಅಭಯ್ ಸಂಚು ಮಾಡಿರಲಿಲ್ಲ, ಅರ್ಪಿತ ಅಧಿಕಪ್ರಸಂಗ ಮಾಡಿರಲಿಲ್ಲ. ಒಂದು ವಾರದಿಂದ ಅವರ ಮೇಲೆ ಮಸೆಯುತ್ತಿದ್ದ ಸಿಟ್ಟಿಗೆ ಈಗ ನಿಲ್ಲಲು ಜಾಗವೇ ಇಲ್ಲದೆ ಅದು ತಿರುಗಿ ಅವನ ಮೇಲೇ ಬಂತು. ತಂತಿ ಮೆಟ್ಟಿಲಿಗೆ ಬಡಿಯುತ್ತಿದ್ದದ್ದು ಊರಿಗೆಲ್ಲ ಕೇಳಿದೆ, ನುಡಿಸುತ್ತಿದ್ದವನಿಗೆ ಮಾತ್ರ ಕೇಳಿಲ್ಲ. ಎಷ್ಟು ಮದುವೆಗಳಲ್ಲಿ, ಎಷ್ಟು ಗಣಪತಿ ಪೆಂಡಾಲುಗಳಲ್ಲಿ ತಾನು ಹೀಗೆ ಕಣ್ಣು ಮುಚ್ಚಿ, ತಲೆ ತೂಗುತ್ತ, ಮೈಮರೆತು ತಗಡು ಬಡಿದಿದ್ದಾನೋ. ಮುಂದಿನ ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಮೆಚ್ಚುಗೆ ಎಂದುಕೊಂಡಿದ್ದಾನೋ. ಅವನಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಅಷ್ಟರಲ್ಲಿ ಮುದುಕರು ತಂತಿಯನ್ನು ಸಡಿಲಿಸಿ, ಪಕ್ಕಕ್ಕೆ ಸರಿಸಿ, ಅರ ಕೈಗೆತ್ತಿಕೊಂಡಿದ್ದರು.

ಉಜ್ಜುವ ಕೈಯಲ್ಲಿ ಅವಸರವಿರಲಿಲ್ಲ. ನಾಲ್ಕು ಎಳೆತ, ಒಂದು ಊದು, ಬೆರಳಿಂದ ಒಂದು ಸವರು. ಹತ್ತು ನಿಮಿಷವಾದ ಮೇಲೆ ತಂತಿಯನ್ನು ಬಿಗಿದು, ಗಿಟಾರನ್ನು ಚಲುವರಾಜುವಿನ ತೊಡೆಗಿಟ್ಟರು. 'ಮೀಟಿ. ಹೋಯ್ತಾ?'

ಅವನು ಮೂರನೇ ಮನೆಯಲ್ಲಿ ಒತ್ತಿ ಮೀಟಿದ. ಗುಂ. ಮನೆಯಲ್ಲಿ ನೂರು ಸಲ ಕೇಳಿಸಿದ್ದ ಅದೇ ಗುಂ. ಅವನು ಮುದುಕರ ಮುಖ ನೋಡಿದ. ಈಚೆಗೆ ಅವನು ಯಾವುದನ್ನೂ ಕಿವಿಯಿಂದ ತಿಳಿದುಕೊಳ್ಳುತ್ತಿರಲಿಲ್ಲ. ಎದುರಿನವರ ಹುಬ್ಬು, ತುಟಿಯ ಕೊನೆ, ಇವುಗಳಿಂದಲೇ ಬದುಕುತ್ತಿದ್ದ. ಆದರೆ ಮುದುಕರ ಮುಖದಲ್ಲಿ ಏನೂ ಇರಲಿಲ್ಲ. ಅವರು ಇವನ ಮುಖವನ್ನೇ ನೋಡುತ್ತಿದ್ದರು, ಕಣ್ಣು ಮಿಟುಕಿಸದೆ.

'ನೀವೇ ಯೋಳಿ ಸ್ವಾಮಿ.'

'ಛೆ ಛೆ, ಆ ಪದ್ಧತಿ ನಮ್ಮಲ್ಲಿಲ್ಲ. ವಾದ್ಯ ತಂದವರು ಹೋಯ್ತು ಅನ್ನೋವರೆಗೆ ಕೆಲಸ ಮುಗಿದ ಹಾಗಲ್ಲ. ನಾವಾಗಿ ನಾವು ಸರಿಯಾಯ್ತು ಅಂತ ಹೇಳೋ ಹಾಗಿಲ್ಲ. ನಮ್ಮಪ್ಪ ಹೇಳ್ತಿರಲಿಲ್ಲ, ನಾನೂ ಹೇಳಲ್ಲ. ಕೈ ನನ್ನದು, ಕಿವಿ ನಿಮ್ಮದು.'

ಎಂಥ ದೊಡ್ಡ ಮನುಷ್ಯ ಎಂದುಕೊಂಡ ಚಲುವರಾಜು. ಮತ್ತೆ ಮೀಟಿದ. ಹೋಯಿತು ಎನ್ನಬೇಕೆ, ಇದೆ ಎನ್ನಬೇಕೆ? ಮೊದಲನೇ ಸಲಕ್ಕೇ ಹೋಯಿತು ಎನ್ನುವವನು ಎಳಸು. ಒಳ್ಳೆಯ ಕಿವಿಯುಳ್ಳವನಿಗೆ ಒಂದು ಚೂರು ಉಳಿದದ್ದು ಕೇಳಿಯೇ ಕೇಳುತ್ತದೆ. ಅವನು ತಲೆಯನ್ನು ಸ್ವಲ್ಪ ಓರೆ ಮಾಡಿ, ದೊಡ್ಡ ವಿದ್ವಾಂಸರು ಮಾಡುವ ಹಾಗೆ ಕಣ್ಣು ಕಿರಿದುಗೊಳಿಸಿ, 'ಇನ್ನೂ ಒಂಚೂರು ಅದೆ ಸ್ವಾಮಿ' ಎಂದ.

'ಹೌದು, ನನಗೂ ಹಾಗೇ ಅನ್ನಿಸ್ತು' ಎಂದರು ನಂಜುಂಡಯ್ಯನವರು, ಬೇಗನೆ.

ಎರಡನೇ ಸಲ ಉಜ್ಜಿದರು. ಹಿತ್ತಾಳೆಯ ಬಣ್ಣದ ಪುಡಿ ಅವರ ಬಿಳಿ ಪಂಚೆಯ ಮೇಲೆ ಬಿದ್ದಿತು. ಕೌಸಲ್ಯ ಹೂ ಕಟ್ಟುವುದನ್ನು ನಿಲ್ಲಿಸಿ ಇವರ ಕಡೆ ನೋಡುತ್ತಿದ್ದದ್ದು ಚಲುವರಾಜುವಿನ ಕಣ್ಣಂಚಿಗೆ ಬಿತ್ತು. ಹೆಣ್ಣುಮಗಳು, ಇಂಥ ವಾದ್ಯ ನೋಡಿರಲಿಕ್ಕಿಲ್ಲ, ಕುತೂಹಲ ಎಂದುಕೊಂಡ. 'ಮೀಟಿ. ಹೋಯ್ತಾ?' ಈ ಸಲ 'ಕಮ್ಮಿಯಾಗದೆ, ಆದ್ರೆ ಅದೆ' ಎಂದ. ಒಂದು ಸಲ ಇದೆ ಎಂದ ಮೇಲೆ ಇದ್ದಕ್ಕಿದ್ದಂತೆ ಪೂರ್ತಿ ಹೋಯಿತು ಎಂದರೆ ಮೊದಲಿನ ಮಾತಿಗೆ ಅರ್ಥವಿಲ್ಲದಂತಾಗುತ್ತಿತ್ತು. ಅವರು ಹೌದೌದು ಎಂದು ಮತ್ತೆ ಅರ ಹಿಡಿದರು. ಹನ್ನೆರಡೂವರೆಯ ಬಿಸಿಲು ಬೆಳಕಿಂಡಿಯಿಂದ ಇಳಿದು ಗಿಟಾರಿನ ಕತ್ತಿನ ಮೇಲೆ ಬಿದ್ದು, ನಾಲ್ಕನೇ ಮೆಟ್ಟಿಲು ಉಳಿದವಕ್ಕಿಂತ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಅದನ್ನು ನೋಡುತ್ತ ಚಲುವರಾಜುವಿಗೆ ಯಾಕೋ ಭಯವಾಯಿತು. ಈ ಗಿಟಾರನ್ನು ಅವನು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ಮೊದಲ ಸಲ ಎದೆಗೊರಗಿಸಿಕೊಂಡಿದ್ದ. ಆ ದಿನ ಅಂಗಡಿಯಲ್ಲಿ ಯಾವುದೋ ಮೂಲೆಯ ಗೋಡೆ ಗಡಿಯಾರದ ಟಿಕ್ ಟಿಕ್ಕಿಗೆ ಸರಿಯಾಗಿ ಒಂದೇ ಸ್ವರ ನುಡಿಸಿದ್ದು ಅವನಿಗೆ ಇಂದಿಗೂ ನೆನಪಿತ್ತು. ಈಗ ಅಂಥ ಗಡಿಯಾರ ಕಿವಿಯ ಪಕ್ಕದಲ್ಲಿದ್ದರೂ ಓಡುತ್ತಿದೆಯೋ ನಿಂತಿದೆಯೋ ಅವನಿಗೆ ತಿಳಿಯುತ್ತಿರಲಿಲ್ಲ. ಮೂರನೇ ಸಲ ತೊಡೆಗೆ ಬಂದಾಗ, ಇನ್ನು ಸಾಕು ಎನ್ನಿಸಿ, ಮೂರನೆಯದರಲ್ಲೂ ನಾಲ್ಕನೆಯದರಲ್ಲೂ ಒತ್ತಿ ಜೋರಾಗಿ ಮೀಟಿ, 'ಹೋಯ್ತು! ಈಗ ನೋಡಿ ಸ್ವಾಮಿ, ಗಂಟೆ ಬಾರ್ಸ್ದಂಗದೆ' ಎಂದ. ಮುದುಕರ ಮುಖ ಅರಳಿತು. 'ನನಗೂ ಹಾಗೇ ಅನ್ನಿಸ್ತು' ಎಂದರು.

ಆಗ ಕೌಸಲ್ಯ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರಿಬ್ಬರ ಎದುರಿಗೇ ನಿಂತು, ಬಿಸಿಲಿಗೆ ಮುಖ ಮಾಡಿ ಮಾತಾಡಿದ್ದರಿಂದ ಚಲುವರಾಜುವಿಗೆ ಒಂದು ಪದವೂ ತಪ್ಪಲಿಲ್ಲ.

'ಮಾವ, ಮೊದಲನೇ ಸಲ ಉಜ್ಜಿದಾಗಲೇ ಚೊಕ್ಕಟವಾಗಿ ಹೋಗಿತ್ತಲ್ಲ. ಮತ್ತೆ ಯಾಕೆ ಉಜ್ಜಿದಿರಿ? ಈಗ ನಾಲ್ಕನೆಯದು ಐದನೆಯದಕ್ಕಿಂತ ತಗ್ಗಾಗಿದೆ. ಇವರು ನಾಲ್ಕರಲ್ಲಿ ಒತ್ತಿದಾಗ ತಂತಿ ಐದಕ್ಕೆ ಮೊದಲಿಗಿಂತ ಜಾಸ್ತಿ ಬಡೀತಿದೆ.'

ನಂಜುಂಡಯ್ಯನವರ ಮುಖ ಕೆಂಪಾಯಿತು. 'ನಿನಗೇನು ಗೊತ್ತಾಗತ್ತೆ ಇದರಲ್ಲಿ? ನಾಲ್ಕು ದಿನ ವೀಣೆ ಪಾಠ ಹೇಳಿಸಿಕೊಂಡುಬಿಟ್ಟರೆ ಆಗಿಹೋಯ್ತಾ? ಬಂದವರ ಎದುರಿಗೆ...' ಎಂದು ರೇಗಿದರು. ರೇಗುವಾಗ ಅವರ ಕಣ್ಣು ಸೊಸೆಯ ಮೇಲಿರಲಿಲ್ಲ, ಚಲುವರಾಜುವಿನ ಮೇಲಿತ್ತು. ಆ ಕಣ್ಣಿನಲ್ಲಿದ್ದ ಅಂಜಿಕೆಯನ್ನು ಚಲುವರಾಜು ಗುರುತಿಸಿದ. ಎರಡು ವರ್ಷದಿಂದ ಅದು ಅವನದೇ ಆಗಿತ್ತು, ಬೇರೆಯವರ ಮುಖದಲ್ಲಿ ನೋಡಿದ್ದು ಇದೇ ಮೊದಲು. ಇವರಿಗೂ ಕೇಳಿಸುವುದಿಲ್ಲ. ಅಪ್ಪನ ಕಾಲದ ಪದ್ಧತಿ, ಕೈ ನನ್ನದು ಕಿವಿ ನಿಮ್ಮದು, ಎಲ್ಲ ಇದಕ್ಕೇ. ಬೆಳಿಗ್ಗೆಯಿಂದ ತಾನು ಇವರ ಮುಖ ನೋಡಿದ್ದಾನೆ, ಇವರು ತನ್ನ ಮುಖ ನೋಡಿದ್ದಾರೆ. ನಡುವೆ ಇಬ್ಬರೂ ಸೇರಿ ಒಂದು ಒಳ್ಳೆಯ ವಾದ್ಯವನ್ನು ಉಜ್ಜಿ ಉಜ್ಜಿ ಕೊಂದಿದ್ದಾರೆ.

ಈಗಲೂ ಹೊತ್ತು ಮೀರಿರಲಿಲ್ಲ. ಆರತಕ್ಷತೆ ಇದ್ದದ್ದು ಇವತ್ತೇ ಸಂಜೆ ಆರೂವರೆಗೆ, ಪಾಂಡವಪುರಕ್ಕೆ ಬಸ್ಸು ಹತ್ತಿದರೆ ಅರ್ಧ ಗಂಟೆ. ಐದನೆಯದನ್ನೂ, ಅದರ ಮುಂದಿನವನ್ನೂ ಒಂದೊಂದು ಕೂದಲೆಳೆ ಇಳಿಸಿದರೆ ಸರಿಹೋಗಬಹುದು. 'ಕೂತ್ಕಳವ್ವ, ನೀನು ಕೇಳಿ ಯೋಳು' ಎಂದರೆ ಸಾಕು, ಅಷ್ಟೇ. ಕೈ ಮುದುಕರದ್ದು, ಬೆರಳು ತನ್ನದು, ಕಿವಿ ಆ ಹೆಣ್ಣುಮಗಳದ್ದು. ರವೀಂದ್ರನ ಮುಂದೆ ತಲೆಯೆತ್ತಿ ನಿಲ್ಲಬಹುದು. ಆ ಮಾತು ಚಲುವರಾಜುವಿನ ನಾಲಗೆಯವರೆಗೂ ಬಂತು. ಅದು ಆಚೆ ಬಂದರೆ ಅದರ ಜೊತೆಗೆ ಇನ್ನೊಂದೂ ಆಚೆ ಬರುತ್ತಿತ್ತು.

'ಇಲ್ಲ ಕಣವ್ವ,' ಎಂದ. ದನಿಯಲ್ಲಿ ತನಗೇ ಆಶ್ಚರ್ಯವಾಗುವಷ್ಟು ಗತ್ತು ಇತ್ತು. 'ಸರ್ಯಾಗದೆ. ಇಪ್ಪತ್ತು ವರ್ಷದಿಂದ ನುಡುಸ್ತಾವ್ನಿ, ನಂಗೊತ್ತಾಗಕ್ಕಿಲ್ವಾ? ನಿಂಗೆ ಇದ್ರ ಸದ್ದು ಅಭ್ಯಾಸ ಇಲ್ಲ, ಅದ್ಕೇ ಅಂಗನ್ಸುತ್ತೆ.'

ಕೌಸಲ್ಯ ಒಮ್ಮೆ ಮಾವನನ್ನು ನೋಡಿದಳು, ಒಮ್ಮೆ ಇವನನ್ನು. ಆಮೇಲೆ ಬಗ್ಗಿ, ಪಂಚೆಯಿಂದ ನೆಲಕ್ಕೆ ಉದುರಿದ್ದ ಹಿತ್ತಾಳೆಯ ಪುಡಿಯನ್ನು ಅಂಗೈಯಿಂದ ಒಟ್ಟುಗೂಡಿಸಿ ತೆಗೆದುಕೊಂಡು ಒಳಗೆ ಹೋದಳು. ನಂಜುಂಡಯ್ಯನವರು ಜಮಖಾನವನ್ನು ಹಾಸಿ, ಗಿಟಾರನ್ನು ತಾವೇ ಮಲಗಿಸಿ, ಎಳೆಮಗುವಿಗೆ ಹೊದಿಸುವ ಹಾಗೆ ಮಡಿಕೆ ಮಾಡಿ ಹೊದಿಸಿದರು. ಅವರ ಕೃತಜ್ಞತೆಯನ್ನು ನೋಡಲಾರದೆ ಚಲುವರಾಜು ಹಗ್ಗ ಕಟ್ಟುವುದರಲ್ಲಿ ಮುಳುಗಿದ. ಒಬ್ಬ ಮುದುಕನ ಮಾನ ಉಳಿಸಿದೆ ಎಂದು ಹೇಳಿಕೊಳ್ಳಲು ನೋಡಿದ, ಅದು ಒಂದು ಗಳಿಗೆಯೂ ನಿಲ್ಲಲಿಲ್ಲ. ಉಳಿಸಿಕೊಂಡದ್ದು ತನ್ನದನ್ನು. ಅದಕ್ಕೆ ತೆತ್ತದ್ದು ಆ ಹೆಣ್ಣುಮಗಳ ಮಾತನ್ನು. ಇನ್ನು ಸಂಜೆ ಅವನು ವೇದಿಕೆ ಹತ್ತುತ್ತಾನೆ. ನಾಲ್ಕನೇ ಮನೆಯಲ್ಲಿ ಒತ್ತಿದಾಗಲೆಲ್ಲ ತಗಡು ಬಡಿಯುತ್ತದೆ, ಅವನಿಗೆ ಮಾತ್ರ ಗುಂ ಎನ್ನುತ್ತದೆ. ಎರಡನೇ ಹಾಡು ಮುಗಿಯುವುದರೊಳಗೆ ರವೀಂದ್ರ ತಿರುಗಿ ನೋಡುತ್ತಾನೆ, ಅಭಯ್‌ನ ಎಡಗೈ ಮೆಲ್ಲಗೆ ಬೇಸ್ ಸ್ವರದ ಕೀಗಳಿಗೆ ಇಳಿಯುತ್ತದೆ. ಹದಿನೆಂಟು ವರ್ಷ ಅಲ್ಲಿಗೆ ಮುಗಿಯುತ್ತದೆ. ಎಲ್ಲ ಈಗಲೇ ಆಗಿಹೋದ ಹಾಗೆ ಕಾಣುತ್ತಿತ್ತು. ಆದರೂ ಹಗ್ಗದ ಗಂಟನ್ನು ಬಿಗಿಯಾಗಿಯೇ ಹಾಕಿದ.

ತಲೆ ಎತ್ತಿದಾಗ ಕೌಸಲ್ಯ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಿತ್ತಲಿನ ಬೆಳಕು ಹಿಂದಿದ್ದುದರಿಂದ ಮುಖ ಕಪ್ಪಾಗಿತ್ತು, ತುಟಿ ಕಾಣುತ್ತಿರಲಿಲ್ಲ. ಏನೋ ಹೇಳಿದಳೆಂದು ಕತ್ತು ಆಡಿದ್ದರಿಂದ ತಿಳಿಯಿತು. ನಂಜುಂಡಯ್ಯನವರು ಮುಗುಳ್ನಗುತ್ತ ತಲೆಯಾಡಿಸಿದರು. ಅವರು ಆಡಿಸಿದ್ದು ಕಂಡು ಚಲುವರಾಜುವೂ ಆಡಿಸಿದ. ಅವಳು ಅಲ್ಲೇ ನಿಂತಿದ್ದಳು. ಇಬ್ಬರೂ ಇನ್ನೊಮ್ಮೆ, ಇನ್ನಷ್ಟು ಒಪ್ಪಿಗೆಯಿಂದ ತಲೆಯಾಡಿಸಿದರು. ಅವಳು ಹೋಗಲಿಲ್ಲ. ಅವಳು ಕೇಳಿದ್ದಕ್ಕೆ ಹೌದು ಎನ್ನುವುದು ಉತ್ತರವಲ್ಲ ಎಂದು ಚಲುವರಾಜುವಿಗೆ ಹೊಳೆಯುವುದರೊಳಗೆ ಅವಳು ಪಡಸಾಲೆಗೆ ಬಂದಿದ್ದಳು. ಮಾವನ ಪಕ್ಕದಲ್ಲಿ ಬಗ್ಗಿ, ಕಿವಿಯ ಹತ್ತಿರಕ್ಕೆ ಬಾಯಿ ತಂದು, ದಿನವೂ ಮಾಡುವ ಕೆಲಸದ ಹಾಗೆ, ಬೇಸರವಿಲ್ಲದೆ, ಒಂದೊಂದೇ ಪದವನ್ನು ಬಿಡಿಸಿ ಗಟ್ಟಿಯಾಗಿ ಕೇಳಿದಳು.

'ಕಾಫಿಗೆ, ಸಕ್ಕರೆ, ಹಾಕಲಾ, ಬೆಲ್ಲ, ಹಾಕಲಾ?'

'ಬೆಲ್ಲ' ಎಂದರು ಅವರು, ನೆಲ ನೋಡುತ್ತ.

ಅವಳು ನೆಟ್ಟಗಾದಳು. ಚಲುವರಾಜು ಕಾದ, ಬಂದವರ ಹತ್ತಿರ ಮಾತಾಡುವ ಹಾಗೆ ಅವಳು ಈಗ ದನಿ ಇಳಿಸುತ್ತಾಳೆಂದು. ಅವಳು ಎರಡು ಹೆಜ್ಜೆ ಹತ್ತಿರ ಬಂದು, ಅವನ ಕಡೆಗೂ ಅಷ್ಟೇ ಬಗ್ಗಿ, ಅದೇ ಮಾತನ್ನು, ಅಷ್ಟೇ ಗಟ್ಟಿಯಾಗಿ, ಒಂದೊಂದೇ ಪದವನ್ನು ಬಿಡಿಸಿ ಕೇಳಿದಳು.